ಸಾಹುಕಾರರ ಗಾಜಿನ ವಾರ್ಡು

ಗದಗದ ಕಡೆಯ ಒಂದು ಧರ್ಮಾಸ್ಪತ್ರೆಗೆ ಈರಸಂಗಪ್ಪ ಸಾಹುಕಾರರು ಹೆರಿಗೆ ವಾರ್ಡು ಕಟ್ಟಿಸಿಕೊಡಲು ಹೊರಟರು. ಆದರೆ ಅವರದು ಒಂದೇ ಹಟ: ಸುತ್ತಲೂ ಗಾಜಿನ ಗೋಡೆ, ಒಳಗೆ ಎಸಿ, ಕಿಟಕಿ ಒಂದೂ ಬೇಡ.

ದಾನ ಕೈತಪ್ಪೀತೆಂದು ಡಾಕ್ಟರು ಬಾಯಿ ಬಿಡಲಿಲ್ಲ. ಬಾಣಂತಿಯರನ್ನು ನೋಡಿಕೊಳ್ಳುವ ಆಯಾ ಶಾಂತವ್ವನಿಗೆ ಮಾತ್ರ ಚಿಂತೆ ಹತ್ತಿತು. ಆ ಊರಲ್ಲಿ ಬೇಸಿಗೆಯ ಮಧ್ಯಾಹ್ನ ಕರೆಂಟು ಇರುವುದೇ ಅಪರೂಪ.

ಆಕೆ ಇಬ್ಬರಿಗೂ ಚಹಾ ಕೊಡುತ್ತ ಮೆಲ್ಲಗೆ ಕೇಳಿದಳು: "ಕರೆಂಟ್ ಹೋದ್ರ ಹೆಂಗ್ರಿ, ಸಾಹುಕಾರ್ರ?"

"ಜನರೇಟರ್ ಕೊಡ್ತೀನಿ."

"ಅದಕ್ಕ ಡೀಸೆಲ್ಲು?"

"ಕಟ್ಟೂದಷ್ಟ ನಂದು. ನಡಸೂದು ಆಸ್ಪತ್ರಿಯವರದು."

"ಖರೇ ಐತ್ರಿ. ಹಂಗಾದ್ರ ನಿಮ್ಮ ಹೆಸರು ಒಳಗ, ಮಲಗಿದವರ ಕಣ್ಣಿಗೆ ಬೀಳೂವಂಗ ಬರಸ್ರಿ."

ಸಾಹುಕಾರರು ಉಬ್ಬಿದರು. "ಹೊರಗ ಬ್ಯಾಡೇನು?"

"ಹೊರಗಿನವರಿಗೆ ಏನು ಗೊತ್ತಾಗ್ತೈತ್ರಿ? ಡೀಸೆಲ್ ತೀರಿದಾಗ ಬೆವರಾಗ ತೊಯ್ದು, ಅಳೂ ಕೂಸು ಎತ್ತಿಕೊಂಡು ಕುಂತವ್ರಿಗೆ ಯಾರನ್ನ ಬೈಬೇಕು ಅಂತ ತಿಳೀಬೇಕಲ್ರೀ. ಇಲ್ಲಾಂದ್ರ ಪಾಪ, ಡಾಕ್ಟರನ್ನ ಬೈತಾರ."

ಚಹಾದ ಕಪ್ಪು ಸಾಹುಕಾರರ ತುಟಿಯ ಹತ್ತಿರವೇ ನಿಂತಿತು. ಅವರು ಡಾಕ್ಟರನ್ನು ನೋಡಿದರು. ಡಾಕ್ಟರು ತಮ್ಮ ಚಪ್ಪಲಿ ನೋಡಿಕೊಂಡರು.

"ಕಿಟಕಿ ಇಡ್ರಿ," ಎಂದರು ಸಾಹುಕಾರರು ಕೊನೆಗೆ. "ಎರಡೂ ಕಡೆ ಇಡ್ರಿ, ಗಾಳಿ ಆಡಲಿ. ಗಾಜಿನಾಗ ಉಳಿದ ರೊಕ್ಕ ವರ್ಷಾವರ್ಷದ ದುರಸ್ತಿಗೆ ಇರ್ಲಿ."



ಮುಂದಿನ ಬೇಸಿಗೆಯಲ್ಲಿ, ಕರೆಂಟು ಹೋದ ಒಂದು ಮಧ್ಯಾಹ್ನ, ಸಾಹುಕಾರರು ಹೊಸ ವಾರ್ಡಿನ ಬಾಗಿಲಿಗೆ ಬಂದು ನಿಂತರು. ಕಿಟಕಿಯ ಗಾಳಿಗೆ ತಾಯಂದಿರೂ ಕೂಸುಗಳೂ ನಿದ್ದೆಹೋಗಿದ್ದರು.

"ನನ್ನ ಬಗ್ಗೆ ಯಾರೂ ಏನೂ ಅನ್ನವಲ್ರಲ್ಲ?" ಎಂದು ಪಿಸುಗುಟ್ಟಿದರು.

"ಅದ ಅಲ್ಲೇನ್ರಿ ನಿಮ್ಮ ಪುಣ್ಯಾ?" ಎಂದಳು ಶಾಂತವ್ವ.