ಮೌನೇಶಪ್ಪನ ಒಂಬತ್ತು ಸುತ್ತು

ಬಹಳ ಹಿಂದೆ, ಎಷ್ಟು ಹಿಂದೆ ಅಂತ ನಮ್ಮಜ್ಜನೂ ಹೇಳಲಿಲ್ಲ, ಎರೆಹೊಲಗಳ ನಡುವೆ ಒಂದೂರು, ಎರೆಗಟ್ಟಿ ಅಂತ. ಯಾವುದೋ ದೊಡ್ಡ ಯುದ್ಧ ಮುಗಿದ ಮೇಲೆ ಆ ಊರ ಬಯಲಿನಲ್ಲಿ ಒಂದು ಕಾಳಗದ ವಿಮಾನ ಉಳಿದುಕೊಂಡಿತಂತೆ. ಅದನ್ನು ಹಾರಿಸುತ್ತಿದ್ದವನು ಕೊಡಗಿನ ಉತ್ತಯ್ಯ. ಅದು ಹಾರುವಂತೆ ನೋಡಿಕೊಂಡವನು ಊರ ಕಮ್ಮಾರ ಮೌನೇಶಪ್ಪ.

ಉತ್ತಯ್ಯನಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲವಂತೆ. ಟ್ಯಾಂಕಿಗೆ ಬೀಗ, ಶೆಡ್ಡಿಗೆ ಎರಡು ಬೀಗ. ಅದು ಒಬ್ಬನೇ ಕೂರುವ ವಿಮಾನ. ಬಿದ್ದರೆ ಸಾಯುವವನು ತಾನು, ಮೌನೇಶಪ್ಪನ ಗಂಟೇನು ಹೋಗುತ್ತದೆ ಅಂತ ಅವನ ಯೋಚನೆ. ಮೌನೇಶಪ್ಪನೋ, ವಿಮಾನ ಹೊರಡುವ ಮೊದಲು ಮೂಗಿನ ಪಂಖವನ್ನು ಕೈಯಿಂದಲೇ ಒಂಬತ್ತು ಸುತ್ತು ತಿರುಗಿಸುತ್ತಿದ್ದನಂತೆ. ಇಂಜಿನ್ನಿನ ತಳದಲ್ಲಿ ಎಣ್ಣೆ ಇಳಿದು ನಿಂತಿದ್ದರೆ ಪಂಖ ಅಲ್ಲೇ ತಡೆದು ನಿಲ್ಲುತ್ತದೆ. ಅದನ್ನು ಮೀರಿ ಚಾಲೂ ಮಾಡಿದರೆ ಒಳಗಿನ ಕಬ್ಬಿಣ ಬಾಗುತ್ತದೆ. ಬಾಗಿದ್ದು ಮುಗಿಲಿಗೇರಿದ ಮೇಲೆ ಮುರಿಯುತ್ತದೆ. ಕಣ್ಣು ಮುಚ್ಚಿ, ಕಿವಿಗೊಟ್ಟು ತಿರುಗಿಸುವವನನ್ನು ಕಂಡು ಊರವರು ಮಾಟ ಅಂದರು. ಉತ್ತಯ್ಯ ಮಾಟ ನಂಬುವವನಲ್ಲ, ಮೋಸ ನಂಬುವವನು.

ಒಂದು ಸಲ ವಿಮಾನ ನೋಡಲು ಸರ್ಕಾರದ ಸಾಹೇಬರು ಬರುತ್ತಾರೆ ಅಂತ ಸುದ್ದಿಯಾಯಿತು. ಅವರೆದುರು ಹಾರದಿದ್ದರೆ ಅದು ಗುಜರಿಗೆ. ಅವರು ಬರುವ ಹಿಂದಿನ ದಿನವೇ ಮೌನೇಶಪ್ಪ ಪೇಟೆಯ ಗುಜರಿ ಅಂಗಡಿಯಲ್ಲಿ ಕೂತು ಪಿಸಪಿಸ ಮಾತಾಡಿದ್ದನ್ನು ಯಾರೋ ಉತ್ತಯ್ಯನ ಕಿವಿಗೆ ಹಾಕಿದರಂತೆ. ಆಮೇಲೆ ಉತ್ತಯ್ಯ ಮೌನೇಶಪ್ಪನ ಕೈಯಿಂದ ಕಣ್ಣು ಕೀಳಲಿಲ್ಲ.

ಸಾಹೇಬರು ಬಂದು ಕುರ್ಚಿಯಲ್ಲಿ ಕೂತರು. ಉತ್ತಯ್ಯ ವಿಮಾನ ಹತ್ತಿದ. ಮೌನೇಶಪ್ಪ ಪಂಖ ತಿರುಗಿಸಿದ. ಏಳನೆಯ ಸುತ್ತಿಗೆ ಪಂಖ ನಿಂತಿತು. ಬೇಡ ಅಂತ ಕೈಯಾಡಿಸಿದ. ಉತ್ತಯ್ಯನ ಮೈಯೆಲ್ಲ ಉರಿಯಿತು. ಎಲ್ಲ ದಿನ ಬಿಟ್ಟು ಇವತ್ತೇ ನಿಲ್ಲಬೇಕಿತ್ತೇ? ಪಕ್ಕಕ್ಕೆ ಹೋಗು ಅಂತ ಗದರಿ ಚಾಲೂ ಮಾಡುವ ಗುಂಡಿಗೆ ಬೆರಳಿಟ್ಟ.

ಮೌನೇಶಪ್ಪ ಹೋಗಲಿಲ್ಲ. ಎರಡೂ ತೋಳಿನಿಂದ ಪಂಖವನ್ನು ತಬ್ಬಿಕೊಂಡು ನಿಂತನಂತೆ.

"ಚಾಲೂ ಮಾಡ್ರಿ ಉತ್ತಯ್ಯನವ್ರ. ನಾ ಇಲ್ಲೇ ಇರ್ತೀನಿ."

ಅಷ್ಟೇ ಅಂದದ್ದು. ಬೆರಳು ಗುಂಡಿಯ ಮೇಲೆ ಒಂದು ಬೀಡಿ ಸೇದುವಷ್ಟು ಹೊತ್ತು ಇತ್ತು ಅನ್ನುವವರಿದ್ದಾರೆ. ಹೊತ್ತು ಇಳಿಯುವವರೆಗೂ ಇತ್ತು ಅನ್ನುವವರೂ ಇದ್ದಾರೆ. ಕೊನೆಗೆ ಉತ್ತಯ್ಯ ಇಳಿದು ಬಂದ. ಮೌನೇಶಪ್ಪ ಇಂಜಿನ್ನಿನ ಕೆಳಗಿನ ಪ್ಲಗ್ ಬಿಚ್ಚಿದ. ಕರೀ ಎಣ್ಣೆ ಸುರಿದು ಕೊಡ ತುಂಬಿತಂತೆ. ನನ್ನ ಕೇಳಿದರೆ ಒಂದು ತಂಬಿಗೆ ಇದ್ದೀತು. ಆಮೇಲೆ ಅವನು ಸೊಂಟದ ಗಂಟು ಬಿಚ್ಚಿ, ಆ ಪ್ಲಗ್ಗಿನ ಅಳತೆಯದೇ ಒಂದು ತಾಮ್ರದ ವಾಷರ್ ತೆಗೆದ. ಹಳೆಯದು ಸವೆದಿತ್ತು, ಅದನ್ನೇ ಹಾಕಿದರೆ ಬಿಚ್ಚಿದ ಪ್ಲಗ್ ಮತ್ತೆ ಬಿಗಿಯಾಗಿ ಕೂರುವುದಿಲ್ಲ. ಗುಜರಿ ಅಂಗಡಿಗೆ ಹೋಗಿದ್ದು ಅದನ್ನು ಹುಡುಕಲು.

ವಿಮಾನ ಅಂದೇ ಹಾರಿತು. ಇಳಿದವನೇ ಉತ್ತಯ್ಯ ಎಲ್ಲರೆದುರು ಮೌನೇಶಪ್ಪನ ಎಣ್ಣೆಗೈ ಹಿಡಿದು ಅತ್ತನಂತೆ. ಶೆಡ್ಡಿಗೆ ಮತ್ತೆ ಬೀಗ ಬೀಳಲಿಲ್ಲ.

ಈಗ ವಿಮಾನವೂ ಇಲ್ಲ, ಅವರಿಬ್ಬರೂ ಇಲ್ಲ. ಆದರೆ ಎರೆಗಟ್ಟಿಯ ಹಿಟ್ಟಿನ ಗಿರಣಿಯಲ್ಲಿ ಇವತ್ತಿಗೂ ಬೆಳಿಗ್ಗೆ ಚಕ್ರವನ್ನು ಕೈಯಿಂದ ಒಂಬತ್ತು ಸುತ್ತು ತಿರುಗಿಸಿಯೇ ಚಾಲೂ ಮಾಡುತ್ತಾರೆ. ಕರೆಂಟಿನ ಗಿರಣಿಗೆ ಅದು ಬೇಕಿಲ್ಲ ಅಂತ ಎಲ್ಲರಿಗೂ ಗೊತ್ತು. ತಿರುಗಿಸಿದವನು ಬೇಡ ಅಂದ ದಿನ ಮಾಲೀಕ ಯಾಕೆ ಅಂತ ಕೇಳುವುದಿಲ್ಲ. ಜೋಳದ ಬುಟ್ಟಿ ಹೊತ್ತು ಬಂದವರು ಸುಮ್ಮನೆ ಹೊತ್ತುಕೊಂಡು ಮನೆಗೆ ಹೋಗುತ್ತಾರೆ.