ಕರಿ ತಗಡಿನ ಹಟ

ಸೂಕ್ಷ್ಮದರ್ಶಕದ ಸುತ್ತ ಕಾವಲು ನಿಂತಿದ್ದ ಕರಿ ತಗಡಿನ ಮೇಲೆ ಒಳಗಿದ್ದ ಲೇಸರ್ ರೇಗಿತು. "ಎಷ್ಟು ಬೆಳಕು ಸುರಿದರೂ ನಿನ್ನ ಮೋರೆಗೆ ಹೊಳಪಿಲ್ಲ. ದಾರಿ ಬಿಡು!"

"ಬಿಡೋದಿಲ್ಲ. ಆಚೆ ಜನರ ಕಣ್ಣುಗಳಿವೆ. ನಿನ್ನ ಬೆಳಕನ್ನೆಲ್ಲ ನಾನೇ ನುಂಗ್ತೀನಿ, ಬೇಕಾದರೆ ನನ್ನನ್ನು ಸುಡು," ಎಂದಿತು ತಗಡು.

ಅಷ್ಟರಲ್ಲಿ ಪ್ರಯೋಗಾಲಯದ ಮುಖ್ಯಸ್ಥೆ ಅಂಬುಜಾಕ್ಷಿ ಬಂದರು. "ನಾಳೆ ಅತಿಥಿಗಳು ಬರ್ತಾರೆ, ಈ ಕರಿ ಮೋರೆ ಎದುರಿಗೆ ಬೇಡ," ಎಂದು ಅದನ್ನು ಮೂಲೆಗಿಡಿಸಿ, ಫಳಫಳ ಹೊಳೆಯುವ ಸ್ಟೀಲ್ ತಗಡನ್ನು ನಿಲ್ಲಿಸಿದರು.

ಲೇಸರ್ ಹಿಗ್ಗಿ ಕಿರಣ ಬಿಟ್ಟಿತು. ಸ್ಟೀಲ್ ತಗಡು ಅದರಲ್ಲಿ ಒಂದು ಚೂರೂ ಇಟ್ಟುಕೊಳ್ಳದೆ ಲೇಸರಿನ ಬಾಯಿಗೇ ತಿರುಗಿಸಿತು. ಲೇಸರ್ ಕೆಟ್ಟು ಕೂತಿತು.

ರಿಪೇರಿ ಮುಗಿದ ದಿನ ಕರಿ ತಗಡು ತನ್ನ ಜಾಗಕ್ಕೆ ಮರಳಿತು. "ಈಗಲಾದರೂ ಸ್ವಲ್ಪ ದಾರಿ ಬಿಡ್ತೀಯಾ?" ಎಂದು ಲೇಸರ್ ಮೆತ್ತಗೆ ಕೇಳಿತು.

"ಬಿಡೋದಿಲ್ಲ. ಜನರ ಕಣ್ಣಿನ ಜೊತೆಗೆ ಇನ್ನು ನಿನ್ನ ಬಾಯನ್ನೂ ನಾನೇ ಕಾಯಬೇಕು."