ಮೇಲೇಳದ ಏಳನೇ ಬಿಲ್ಲೆ

ಕೋಡಿಹಾಳ ಪಾಳೆಯಪಟ್ಟಿನ ಸಂಕಣ್ಣನಂಥ ಜಾಣ ಸುತ್ತ ಹತ್ತೂರಲ್ಲಿ ಇರಲಿಲ್ಲ. ಹನ್ನೊಂದನೇ ಊರಲ್ಲಿ ಒಬ್ಬನಿದ್ದನಂತೆ. ಸಂಕಣ್ಣನ ಸುದ್ದಿ ಕೇಳಿ ಅವನೂ ಊರು ಬಿಟ್ಟ. ಇಂಥ ಸಂಕಣ್ಣ ಲೋಕದಲ್ಲಿ ಹೆದರುತ್ತಿದ್ದುದು ಒಬ್ಬರಿಗೆ ಮಾತ್ರ. ಅವನ ಅತ್ತೆ ಹೊನ್ನವ್ವನಿಗೆ.

ಕೋಡಿಹಾಳಕ್ಕೆ ಹನ್ನೆರಡು ಕೇರಿ. ಕೋಟೆಗೆ ಮಣ್ಣು ಹೊರುವ ಬಿಟ್ಟಿ ಕೆಲಸ ಎಲ್ಲ ಕೇರಿಗೂ ಇತ್ತು. ಆದರೆ ದೊರೆ ದ್ಯಾವನಾಯಕರದು ದೊಡ್ಡ ಮನಸ್ಸು. ಪ್ರತಿ ತಿಂಗಳ ಪಾಡ್ಯಕ್ಕೆ, ಒಂದರಿಂದ ಹನ್ನೆರಡರವರೆಗೆ ಅಂಕಿ ಕೊರೆದ ಮರದ ಬಿಲ್ಲೆಗಳನ್ನು ಕೊಪ್ಪರಿಗೆಗೆ ಹಾಕಿ, ಚೆನ್ನಾಗಿ ಕಲಸಿ, ಪಟ್ಟದಾನೆ ಗೌರಮ್ಮನ ಮುಂದೆ ಇಡಿಸುತ್ತಿದ್ದರು. ಗೌರಮ್ಮ ಸೊಂಡಿಲು ಹಾಕಿ ಒಂದು ಬಿಲ್ಲೆ ಎತ್ತಿದರೆ ಆ ಅಂಕಿಯ ಕೇರಿಗೆ ಆ ತಿಂಗಳು ಬಿಟ್ಟಿ ಮಾಫಿ, ಗೌರಮ್ಮನಿಗೆ ಒಂದು ಬಾಳೆಹಣ್ಣು. ಬಿಲ್ಲೆ ಮತ್ತೆ ಕೊಪ್ಪರಿಗೆಗೆ.

ಒಂದು ದಿನ ಆಸ್ಥಾನದ ಶೇಷಾದ್ರಿ ಜೋಯಿಸರು ಓಲೆಗರಿಯ ಕಟ್ಟು ಹಿಡಿದು ಸಭೆಗೆ ಬಂದರು.

"ಮಹಾಸ್ವಾಮಿ, ಮೂರು ವರ್ಷದ ಮೂವತ್ತಾರು ಬಿಲ್ಲೆಯನ್ನೂ ಬರೆದಿಟ್ಟಿದ್ದೇನೆ. ಇಂಥ ಲೆಕ್ಕ ಕಾಶಿಯಲ್ಲೂ ಯಾರೂ ಮಾಡಿಲ್ಲ. ಮೂರನೇ ಕೇರಿ ಏಳು ಸಲ ಬಂದಿದೆ. ಏಳನೇ ಕೇರಿ ಒಂದು ಸಲವೂ ಬಂದಿಲ್ಲ."

"ಅದರ ಅರ್ಥವೇನು?" ಅಂದರು ದೊರೆ.

"ಆನೆ ಅಂದರೆ ಸಾಕ್ಷಾತ್ ಗಣಪತಿ. ಮೂರರ ಮೇಲೆ ಅವನಿಗೆ ಪ್ರೀತಿ, ಏಳರ ಮೇಲೆ ಮುನಿಸು. ದೇವರಿಗೆ ಬೇಡವಾದ ಬಿಲ್ಲೆ ಕೊಪ್ಪರಿಗೆಯಲ್ಲಿ ಯಾಕಿರಬೇಕು? ಹೇಗೂ ಅದು ಕುಂಬಾರರ ಕೇರಿ, ಮಣ್ಣು ಹೊರುವುದು ಅವರಿಗೆ ರೂಢಿ."

ದೊರೆ ತಲೆದೂಗಿದರು. ಏಳನೇ ಬಿಲ್ಲೆಯನ್ನು ಕೊಪ್ಪರಿಗೆಯಿಂದ ತೆಗೆದು ಕಿಟಕಿಯ ಮೇಲೆ ಇಟ್ಟರು.

ಸಂಕಣ್ಣನೂ ಆಸ್ಥಾನದವನೇ. ಸಂಜೆ ಸಭೆ ಮುಗಿಸಿ ಮನೆಗೆ ಹೋದರೆ ಜಗಲಿಯ ಮೇಲೆ ಹೊನ್ನವ್ವ. ಪಕ್ಕದಲ್ಲಿ ಸುತ್ತಿದ ಚಾಪೆ, ಎರಡು ಗಂಟು, ಒಂದು ಒರಳುಕಲ್ಲು. ಹೊನ್ನವ್ವನ ಮನೆ ಏಳನೇ ಕೇರಿಯಲ್ಲಿ.

"ಅತ್ತೆ, ಯಾವಾಗ ಬಂದಿರಿ?"

"ಈಗ ಬಂದೆ. ಮೂರು ವರ್ಷ ಮಣ್ಣು ಹೊತ್ತೆವು ಅಳಿಯಂದಿರೇ. ಇವತ್ತಲ್ಲ ನಾಳೆ ಬಂದೀತು ಅಂತ ಹೊತ್ತೆವು. ಈಗ ಬಿಲ್ಲೆಯನ್ನೇ ತೆಗೆದರಂತೆ. ಅದು ಕೊಪ್ಪರಿಗೆಗೆ ವಾಪಸು ಬೀಳುವ ತನಕ ನಾನು ಇಲ್ಲೇ ಇರುತ್ತೇನೆ."

ಸಂಕಣ್ಣ ಒರಳುಕಲ್ಲನ್ನು ನೋಡಿದ. ಎರಡು ದಿನಕ್ಕೆ ಬಂದವರು ಒರಳುಕಲ್ಲು ತರುವುದಿಲ್ಲ.

ಮರುದಿನ ಸಭೆಯಲ್ಲಿ ಅವನು ಕೈ ಮುಗಿದು ನಿಂತ. "ಪ್ರಭು, ಜೋಯಿಸರ ಲೆಕ್ಕ ಕೇಳಿ ನನಗೆ ನಿದ್ದೆಯೇ ಬರಲಿಲ್ಲ. ಇಂಥ ವಿದ್ಯೆಯನ್ನು ಬರೀ ಕೇರಿಗಳಿಗೆ ಮೀಸಲಿಡುವುದೇ? ಸಭೆಯಲ್ಲೂ ಹನ್ನೆರಡು ಜನ ಇದ್ದೇವೆ. ನಮ್ಮಲ್ಲಿ ದೇವರಿಗೆ ಬೇಕಾದವರು ಯಾರು, ಬೇಡವಾದವರು ಯಾರು, ಗೌರಮ್ಮ ಒಂದೇ ಮಧ್ಯಾಹ್ನದಲ್ಲಿ ಹೇಳಿಬಿಡುತ್ತಾಳೆ. ಮೂವತ್ತಾರು ಸಲ ಎತ್ತಿಸೋಣ."

"ಒಂದು ಸಲವೂ ಬಾರದವರನ್ನು?" ಅಂದರು ದೊರೆ.

"ಅದನ್ನು ಜೋಯಿಸರು ಆಗಲೇ ತೀರ್ಮಾನಿಸಿದ್ದಾರಲ್ಲ. ತೆಗೆದು ಕಿಟಕಿಯ ಮೇಲೆ ಇಡುವುದು."

ದೊರೆಗೆ ಇದು ಬಹಳ ಹಿಡಿಸಿತು. "ಮೊದಲು ನಮ್ಮ ಹೆಸರು ಹಾಕಿ. ಗೌರಮ್ಮನಿಗೆ ದಿನಾ ಬೆಲ್ಲ ತಿನ್ನಿಸುವವರು ನಾವು."

"ಪ್ರಭುಗಳ ಹೆಸರೇ ಎಲ್ಲಕ್ಕಿಂತ ಹೆಚ್ಚು ಬರುತ್ತದೆ," ಅಂದರು ಜೋಯಿಸರು. "ಬರೆದು ಕೊಡುತ್ತೇನೆ."

"ಎಣಿಸಿ ಬರೆಯುವ ಕೆಲಸವೂ ತಮ್ಮದೇ ಆಗಲಿ," ಅಂದ ಸಂಕಣ್ಣ. "ನನ್ನ ಕೈಬರಹ ಚೆನ್ನಾಗಿಲ್ಲ."

ಹನ್ನೆರಡು ಹೆಸರು ಕೊರೆದ ಬಿಲ್ಲೆಗಳು ಕೊಪ್ಪರಿಗೆಗೆ ಬಿದ್ದವು. ಗೌರಮ್ಮ ಎತ್ತತೊಡಗಿದಳು. ಸೇನಾಪತಿ ಬಂದರು. ಮಂತ್ರಿ ಬಂದರು. ಉಗ್ರಾಣದ ಚಿಕ್ಕಯ್ಯ ಬಂದ, ಮತ್ತೆ ಬಂದ, ಇನ್ನೂ ನಾಲ್ಕು ಸಲ ಬಂದ. ತಾನು ಮಾಡಿದ ಪುಣ್ಯ ಯಾವುದೆಂದು ಅವನಿಗೇ ಹೊಳೆಯಲಿಲ್ಲ, ಆದರೂ ಮೀಸೆ ತಿರುವಿದ. ಸಂಕಣ್ಣ ಎರಡು ಸಲ ಬಂದ. ಜೋಯಿಸರು ನಾಲ್ಕು ಸಲ ಬಂದು, ಪ್ರತಿ ಸಲವೂ ತಮಗೆ ತಾವೇ ನಮಸ್ಕಾರ ಮಾಡಿಕೊಂಡರು.

ಇಪ್ಪತ್ತು ಆಯಿತು. ಮೂವತ್ತು ಆಯಿತು. ದೊರೆ ಸಿಂಹಾಸನದ ಅಂಚಿಗೆ ಬಂದು ಕೂತಿದ್ದರು. ಜೋಯಿಸರು ಬರೆದ ಹೆಸರುಗಳನ್ನು ಮತ್ತೆ ಮತ್ತೆ ಮೇಲಿನಿಂದ ಎಣಿಸತೊಡಗಿದರು.

ಮೂವತ್ತಾರನೆಯದು ಮತ್ತೆ ಮಂತ್ರಿ.

ಗೌರಮ್ಮ ಮೂವತ್ತಾರನೇ ಬಾಳೆಹಣ್ಣನ್ನು ಬಾಯಿಗೆ ಹಾಕಿಕೊಂಡಳು.

"ಜೋಯಿಸರೇ, ಓದಿ," ಅಂದರು ದೊರೆ.

"ಚಿಕ್ಕಯ್ಯ ಆರು... ಮಂತ್ರಿಗಳು ಐದು..." ಜೋಯಿಸರು ಹನ್ನೊಂದು ಹೆಸರು ಓದಿ ನಿಲ್ಲಿಸಿದರು.

"ಹನ್ನೆರಡನೆಯದು?"

"ಓಲೆಗರಿಯಲ್ಲಿ ಜಾಗ ಸಾಲಲಿಲ್ಲ, ಮಹಾಸ್ವಾಮಿ."

"ನಾವು ಒಂದು ಸಲವೂ ಬರಲಿಲ್ಲ."

"ಇಲ್ಲ, ಮಹಾಸ್ವಾಮಿ."

ಸಂಕಣ್ಣ ಕಿಟಕಿಯ ಹತ್ತಿರ ಹೋಗಿ ಉತ್ತರೀಯದಿಂದ ಅದರ ಮೇಲಿನ ಧೂಳು ಕೊಡವತೊಡಗಿದ.

"ಜೋಯಿಸರೇ," ಅಂದರು ದೊರೆ ನಿಧಾನವಾಗಿ, "ಇದರ ಅರ್ಥವೇನು?"

ಜೋಯಿಸರು ಕಿಟಕಿ ನೋಡಿದರು, ದೊರೆಯನ್ನು ನೋಡಿದರು. "ಅರ್ಥವೇ ಇಲ್ಲ, ಮಹಾಸ್ವಾಮಿ. ಆನೆಗೆ ಓದಲು ಬರುತ್ತದೆಯೇ? ಮರದ ಬಿಲ್ಲೆಗೆ ಹಿಂದೆ ಬಂದದ್ದು, ಬಾರದ್ದು ನೆನಪಿರುತ್ತದೆಯೇ? ಕೈಗೆ ಸಿಕ್ಕಿದ್ದು ಬರುತ್ತದೆ. ಕೆಲವು ಹೆಚ್ಚು ಬರುತ್ತವೆ, ಒಂದೆರಡು ತಳದಲ್ಲೇ ಉಳಿಯುತ್ತವೆ. ಇದಕ್ಕೆಲ್ಲ ಅರ್ಥ ಹುಡುಕುವವನು ಮೂರ್ಖ."

"ಈಗ ಹೇಳಿದ್ದನ್ನು ಬರೆದು ಕೊಡಿ, ಸ್ವಾಮಿ," ಅಂದ ಸಂಕಣ್ಣ. "ಕುಂಬಾರರ ಕೇರಿಯ ಬಾಗಿಲಿಗೆ ಕಟ್ಟಿಸುತ್ತೇನೆ."

ದೊರೆಗೆ ಆಟ ಅರ್ಥವಾಯಿತು. ಮೊದಲು ಮೀಸೆ ಕುಣಿಯಿತು, ಆಮೇಲೆ ಹೊಟ್ಟೆ. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಎದ್ದು ಹೋಗಿ ಏಳನೇ ಬಿಲ್ಲೆಯನ್ನು ತಾವೇ ತಂದು ಕೊಪ್ಪರಿಗೆಗೆ ಹಾಕಿದರು.

"ಸಂಕಣ್ಣ, ನಿಜ ಹೇಳು. ನಿನ್ನ ಹೆಸರೇ ಬಾರದೆ ಹೋಗಿದ್ದರೆ?"

"ಕಿಟಕಿ ಅಗಲವಾಗಿದೆ, ಪ್ರಭು. ಅತ್ತೆ ಇರುವ ಮನೆಗಿಂತ ಅಲ್ಲೇ ಗಾಳಿ ಚೆನ್ನಾಗಿ ಬರುತ್ತದೆ."

"ಹನ್ನೆರಡು ಹೆಸರೂ ಬಂದುಬಿಟ್ಟಿದ್ದರೆ?"

ಸಂಕಣ್ಣ ಕಂಬದ ಹಿಂದೆ ಕೈ ತೋರಿಸಿದ. ಅಲ್ಲಿ ಇನ್ನೂ ಐದು ಬಾಳೆಗೊನೆ ಇದ್ದವು. "ಯಾರಾದರೊಬ್ಬರು ಬಾರದೆ ಉಳಿಯುವ ತನಕ ಎತ್ತಿಸುತ್ತಿದ್ದೆ."

ಗೌರಮ್ಮ ಆಗಲೇ ಅತ್ತ ನೋಡುತ್ತಿದ್ದಳು.

"ಏನು ಬೇಕೋ ಕೇಳು," ಅಂದರು ದೊರೆ.

"ನಾಲ್ಕು ಗೊನೆ ಗೌರಮ್ಮನಿಗಿರಲಿ, ಪ್ರಭು. ಒಂದು ನನಗೆ ಕೊಡಿಸಿ. ಅತ್ತೆ ಇವತ್ತೇ ಊಟ ಮುಗಿಸಿಕೊಂಡು ಹೊರಡುತ್ತಾರೆ, ಬರಿಗೈಯಲ್ಲಿ ಕಳಿಸಬಾರದು. ಜೊತೆಗೆ ಗಟ್ಟಿ ಆಳು ಒಬ್ಬನನ್ನೂ ಕೊಟ್ಟರೆ ಉಪಕಾರ. ಒರಳುಕಲ್ಲು ಇದೆ."

ದೊರೆ ಸಭೆಯ ಮೇಲೆ ಒಂದು ಸಲ ಕಣ್ಣಾಡಿಸಿ, ಜೋಯಿಸರನ್ನು ಕಳಿಸಿಕೊಟ್ಟರು.